ತುಂಗಭದ್ರಾ ಹಿನ್ನೀರಿಗೆ ಹಳೇ ಜೆಟ್ ಬೋಟ್: ನೋಡುವುದು ಹೇಗೆ, ಬೆಲೆ ಕಟ್ಟುವುದು ಹೇಗೆ

ಗೋವಾದಲ್ಲೋ ಮುಂಬೈಯಲ್ಲೋ ಒಂದು ಸೆಕೆಂಡ್‌ಹ್ಯಾಂಡ್ ಜೆಟ್ ಬೋಟ್ ಮಾರಾಟಕ್ಕಿದೆ ಎಂದು ಮೊಬೈಲಿಗೆ ಫೋಟೊ ಬಂದರೆ ಬಳ್ಳಾರಿ, ಕೊಪ್ಪಳ ಕಡೆ ಮೊದಲು ಕೇಳುವ ಮಾತು, "ಎಷ್ಟಕ್ಕ ಕೊಡ್ತಾನಂತ?" ಎರಡನೆಯದು, "ಸ್ಪೀಡ್ ಎಷ್ಟು ಹೋಕ್ಕೈತಿ?" ಈ ಎರಡಕ್ಕೂ ಉತ್ತರ ಸಿಕ್ಕ ಮೇಲೆ ಅಡ್ವಾನ್ಸ್ ಹೋಗಿಯೇ ಬಿಡುತ್ತದೆ. ಬೋಟಿನ ಹೊಟ್ಟೆಯೊಳಗಿರುವ ಪಂಪ್ ಯಾವ ಸ್ಥಿತಿಯಲ್ಲಿದೆ, ಕಾಗದ ಯಾರ ಹೆಸರಲ್ಲಿದೆ, ಇದನ್ನು ಇಳಿಸುವ ನೀರು ನಮ್ಮಲ್ಲಿ ವರ್ಷಕ್ಕೆ ಎಷ್ಟು ತಿಂಗಳು ಇರುತ್ತದೆ ಎಂಬುದು ಲಾರಿ ಬಂದು ನಿಂತ ಮೇಲೆ ಏಳುವ ಪ್ರಶ್ನೆಗಳು. ಜೆಟ್ ಬೋಟಿನ ನಿಜವಾದ ಬೆಲೆ ನಿಂತಿರುವುದೇ ಈ ಮೂರರ ಮೇಲೆ. ಸೀಟಿನ ಹೊಳಪು, ಸ್ಪೀಕರಿನ ಸದ್ದು ಎಲ್ಲ ಆಮೇಲಿನ ಮಾತು.

ಮೊದಲು ನೀರು ನೋಡಿ

ತುಂಬಿದಾಗ ತುಂಗಭದ್ರಾ ಜಲಾಶಯ ಸುಮಾರು 378 ಚದರ ಕಿಲೋಮೀಟರ್ ಹರಡುತ್ತದೆ. ಕೊಪ್ಪಳದ ದಂಡೆಯಲ್ಲಿ ನಿಂತು ನೋಡಿದರೆ ಆಚೆ ದಡ ಕಾಣದು. ಅದನ್ನು ನೋಡಿಯೇ ಎಷ್ಟೋ ಜನರಿಗೆ ಬೋಟಿನ ಆಸೆ ಹುಟ್ಟುವುದು. ಆದರೆ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105.788 ಟಿಎಂಸಿಗೆ ಇಳಿದಿದೆ. ಹೋದ ನೀರಿನ ಜಾಗದಲ್ಲಿ ಕೂತಿರುವುದು ಕೆಸರು. ಅಂಚಿನ ಹಿನ್ನೀರಿನಲ್ಲಂತೂ ಎರಡಾಳು ಆಳ ಎಂದುಕೊಂಡ ಕಡೆ ಮೊಣಕಾಲುದ್ದ ನೀರು, ಕೆಳಗೆ ಮೆತ್ತನೆ ರಾಡಿ.

ನೀರು ಬರುವುದು ಜುಲೈ ಕೊನೆಗೆ, ಆಗಸ್ಟಿಗೆ. ಕಾಲುವೆಗೆ ಬಿಡುತ್ತ ಬಿಡುತ್ತ ಬೇಸಿಗೆಗೆ ತಳ ಕಾಣುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ತುಂಬಿದ ಡ್ಯಾಮಿನಿಂದ ನೀರು ಹೊರಗೆ ಬಿಡಬೇಕಾಯಿತು. 2025ರಲ್ಲಿ ಗೇಟುಗಳ ಮೇಲೆ ಭಾರ ಬೀಳಬಾರದೆಂದು 80 ಟಿಎಂಸಿಗೇ ಸಂಗ್ರಹ ನಿಲ್ಲಿಸಿದರು. ವರ್ಷದಲ್ಲಿ ಹತ್ತು ತಿಂಗಳು ಟೂರಿಸ್ಟರನ್ನು ಸುತ್ತಿಸಿ ದುಡ್ಡು ತೆಗೆಯುತ್ತೇನೆ ಎಂದು ಲೆಕ್ಕ ಹಾಕುವವರು ಆ ಹತ್ತನ್ನು ಐದಕ್ಕೆ ಇಳಿಸಿಕೊಂಡು ಮತ್ತೊಮ್ಮೆ ಕೂಡಿ ಕಳೆಯಲಿ.

ಡ್ಯಾಮಿನ ಕೆಳಗಿನ ನದಿಯ ಆಸೆ ಬಿಟ್ಟುಬಿಡಿ. ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗಿನ 34 ಕಿಲೋಮೀಟರ್ ಹರಿವು 2015ರಲ್ಲಿ ಘೋಷಣೆಯಾದ ನೀರುನಾಯಿ ಸಂರಕ್ಷಣಾ ಮೀಸಲು. ಆನೆಗೊಂದಿ ಭಾಗಕ್ಕೆ ಹಂಪಿ ವಿಶ್ವ ಪರಂಪರೆ ಪ್ರದೇಶದ ಪ್ರಾಧಿಕಾರದ ಕಟ್ಟುಪಾಡು ಬೇರೆ. ಸಾಣಾಪುರದ ಕೆರೆ ಹರಿಗೋಲಿನವರ ಜೀವನ. ಬಂಡೆಗಳ ನಡುವಿನ ಆ ಜಾಗಕ್ಕೆ ಜೆಟ್ ಬೋಟ್ ನುಗ್ಗಿಸಿದರೆ ಅಲೆಗೆ ಮೊದಲು ಮಗುಚುವುದು ಹರಿಗೋಲು. ಇನ್ನು ರಾಯಚೂರಿನ ಕೃಷ್ಣೆ. ಕುರುವಗಡ್ಡೆಯ ಸುತ್ತ ನೀರೇನೋ ಇದೆ, ಜೊತೆಗೆ ಬಂಡೆಯೂ ಮೊಸಳೆಯೂ ಇವೆ. ಮೇಲೆ ನಾರಾಯಣಪುರದಿಂದ ನೀರು ಬಿಟ್ಟರೆ ನದಿ ಏರಲು ಹೊತ್ತು ಬೇಡ. ಸುತ್ತಿ ಬಳಸಿ ಉಳಿಯುವುದು ಜಲಾಶಯದ ಹಿನ್ನೀರು ಮಾತ್ರ.

ಅದಕ್ಕೂ ಅನುಮತಿ ಬೇಕು. ಡ್ಯಾಮ್ ತುಂಗಭದ್ರಾ ಮಂಡಳಿಯ ಕೈಯಲ್ಲಿದೆ. ಎಲ್ಲಿ ಇಳಿಸುತ್ತೀರಿ, ಸ್ವಂತಕ್ಕೋ ಬಾಡಿಗೆಗೋ ಎಂಬುದನ್ನು ಬರೆದು ಮೊದಲು ಅರ್ಜಿ ಕೊಡಿ, ಉತ್ತರವನ್ನೂ ಬರಹದಲ್ಲೇ ತಗೊಳ್ಳಿ. ಬಾಯಿಮಾತಿನ "ಮಾಡ್ಕೊಳ್ರಿ, ಏನಾಗಲ್ಲ" ಎಂಬುದನ್ನು ನಂಬಿ ಲಕ್ಷಗಟ್ಟಲೆ ಸುರಿಯುವುದು ಬೇಡ. ಅರ್ಜಿ ಒಳಗೆ ಹೋಗುವ ತನಕ ಬೋಟ್ ನೋಡಲು ಗಾಡಿ ಹತ್ತದಿರುವುದೇ ವಾಸಿ.

ಜೆಟ್ ಎಂದರೆ ಯಾವ ಜೆಟ್

ನಮ್ಮ ಕಡೆ ರೈತರಿಗೆ ಇದನ್ನು ವಿವರಿಸುವುದು ಸುಲಭ. ಹೊಳೆದಂಡೆಯ ಮೋನೋಬ್ಲಾಕ್ ಪಂಪಿನ ಹಾಗೆ ಇದೂ ಒಂದು ಕಡೆ ನೀರು ಹೀರಿ ಇನ್ನೊಂದು ಕಡೆ ತಳ್ಳುತ್ತದೆ. ಬೋಟಿನ ತಳದಲ್ಲಿ ಜಾಲರಿ, ಅದರ ಮೇಲೆ ಕೊಳವೆ, ಕೊಳವೆಯೊಳಗೆ ತಿರುಗುವ ಇಂಪೆಲ್ಲರ್, ಹಿಂದೆ ಕಿರಿದಾಗುತ್ತ ಹೋಗುವ ನಾಜಲ್. ನೀರು ಹಿಂದಕ್ಕೆ ಚಿಮ್ಮಿದಂತೆ ಬೋಟ್ ಮುಂದಕ್ಕೆ. ಸ್ಟೇರಿಂಗ್ ತಿರುಗಿಸಿದರೆ ನಾಜಲ್ ತಿರುಗುತ್ತದೆ. ರಿವರ್ಸಿಗೆ ಒಂದು ಬಕೆಟ್ ನಾಜಲಿನ ಮುಂದೆ ಇಳಿದು ನೀರನ್ನು ಮುಂದಕ್ಕೆ ಮಗುಚುತ್ತದೆ. ಚುಕ್ಕಾಣಿ ಬೇರೆ ಇಲ್ಲ. ಆದ್ದರಿಂದ ಥ್ರಾಟಲ್ ಪೂರ್ತಿ ಬಿಟ್ಟರೆ ಸ್ಟೇರಿಂಗೂ ಹೋಯಿತು. ಎದುರಿಗೆ ಬಂಡೆ ಕಂಡಾಗ ಕಾರಿನ ಅಭ್ಯಾಸದಲ್ಲಿ ಪೆಡಲಿನಿಂದ ಕಾಲು ತೆಗೆದಂತೆ ಥ್ರಾಟಲಿನಿಂದ ಕೈ ತೆಗೆದವರು ನೆಟ್ಟಗೆ ಬಂಡೆಗೇ ಹೋಗುತ್ತಾರೆ. ಮನೆಯಲ್ಲಿ ಯಾರು ಯಾರು ಓಡಿಸುತ್ತಾರೋ ಅವರೆಲ್ಲರಿಗೂ ಇದೊಂದನ್ನು ಮೊದಲ ದಿನವೇ ಹೇಳಿಕೊಡಿ.

1950ರ ದಶಕದಲ್ಲಿ ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ ಇದನ್ನು ಪಳಗಿಸಿದ್ದು ಗುಂಡುಕಲ್ಲಿನ, ತೆಳುನೀರಿನ ಹೊಳೆಗಳಿಗಾಗಿ. ಆ ಕಥೆ ಕೇಳಿದವರು "ಹಂಗಾದ್ರ ನಮ್ಮ ಕಲ್ಲಿನ ಹೊಳಿಗೆ ಇದ ಬೇಕು" ಅನ್ನುತ್ತಾರೆ. ಇಲ್ಲೊಂದು ತಿರುವು ಇದೆ. ಹಳೇ ಬೋಟಿನ ಸಂತೆಯಲ್ಲಿ ನಮಗೆ ಸಿಗುವ ಯಮಾಹಾ, ಸೀ-ಡೂ ಥರದವು ಹೊಳೆಗೆ ಮಾಡಿದವಲ್ಲ, ಕೆರೆ ಸರೋವರದಲ್ಲಿ ಮೋಜಿಗೆ ಮಾಡಿದವು. ಮೈ ಫೈಬರಿನದು. ಕೆಳಗೆ ಪ್ರೊಪೆಲ್ಲರ್ ಇಲ್ಲ ಎಂಬುದು ನಿಜ, ಈಜುವವರ ಕೈಕಾಲಿಗೆ ಅದು ಒಳ್ಳೆಯದು. ಆದರೆ ಕಲ್ಲಿನ ಮೇಲೆ ಉಜ್ಜಿದರೆ ತಳ ಸೀಳುತ್ತದೆ. 90 ಸೆಂಟಿಮೀಟರಿಗಿಂತ ಕಡಿಮೆ ನೀರಿನಲ್ಲಿ ಥ್ರಾಟಲ್ ಕೊಟ್ಟರೆ ಮರಳು, ಬೆಣಚುಕಲ್ಲು, ಪಾಚಿ ಎಲ್ಲವನ್ನೂ ಹೀರಿಕೊಳ್ಳುತ್ತದೆ.

ಇನ್ನು ಸೀ-ಡೂ ವಿಷಯ. ಅದರ ಕಂಪನಿ ಬಿಆರ್‌ಪಿ 2012ರಲ್ಲಿ ಸ್ಪೋರ್ಟ್ ಬೋಟ್ ಮಾಡುವುದನ್ನು ನಿಲ್ಲಿಸಿತು. ಸ್ಪೀಡ್‌ಸ್ಟರ್, ಚಾಲೆಂಜರ್ ಹೆಸರಿನವು ಸಿಕ್ಕರೆ ಎಲ್ಲವೂ ಅದಕ್ಕಿಂತ ಹಿಂದಿನವು. ಇಂಜಿನ್ ಭಾಗಗಳು ಅದೇ ಕಂಪನಿಯ ಜೆಟ್ ಸ್ಕೀಗಳಿಗೂ ಬರುವುದರಿಂದ ಸಿಗುತ್ತವೆ, ಬಾಡಿಯ ಭಾಗ ಹುಡುಕುವುದೇ ತಲೆನೋವು. ಸೂಪರ್‌ಚಾರ್ಜರ್, ಅಂದರೆ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಯಂತ್ರ, ಇರುವ ಹಳೆಯ ರೋಟ್ಯಾಕ್ಸ್ (ಸೀ-ಡೂಗೆ ಬರುವ ಇಂಜಿನ್) ಆದರೆ ಒಂದೇ ಪ್ರಶ್ನೆ ಕೇಳಿ: ಒಳಗಿನ ಸೆರಾಮಿಕ್ ವಾಷರ್ ತೆಗೆದು ಸ್ಟೀಲಿನದು ಹಾಕಿಸಿದ್ದೀರಾ, ಬಿಲ್ ಇದೆಯಾ? ಆ ವಾಷರ್ ಒಡೆದು ಚೂರು ಎಣ್ಣೆಯೊಳಗೆ ಬಿದ್ದರೆ ಇಂಜಿನ್ ಪೂರ್ತಿ ಹೋಗುತ್ತದೆ. ಉತ್ತರ ತಡವರಿಸಿದರೆ ಮುಂದಿನ ಬೋಟ್ ನೋಡಿ. ಹಳೆಯ ಟೂ-ಸ್ಟ್ರೋಕ್ ಬೋಟುಗಳು ಅಗ್ಗ, ಕಡೆಗೆ ಅವೇ ತುಟ್ಟಿ. ನಾನಂತೂ ಯಾರಿಗೂ ಹೇಳುವುದಿಲ್ಲ. ಸೂಪರ್‌ಚಾರ್ಜರ್ ಇಲ್ಲದ ಫೋರ್-ಸ್ಟ್ರೋಕ್, ಒಂದೇ ಇಂಜಿನ್, ಹತ್ತೊಂಬತ್ತು ಅಡಿ ಆಸುಪಾಸು. ನಮ್ಮ ನೀರಿಗೆ, ನಮ್ಮ ಮೆಕ್ಯಾನಿಕ್ಕುಗಳ ಕೈಗೆ ಇಷ್ಟು ಸಾಕು.

ದಡದ ಮೇಲೆ ನಿಂತಾಗಲೇ ನೋಡುವುದು

ಟಾರ್ಚ್, ಸಂದಿ ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್, ಪ್ಲಾಸ್ಟಿಕ್ ಸುತ್ತಿಗೆ, ಒಂದು ಬಿಳಿ ಬಟ್ಟೆ, ಮೈಗೆ ಹಳೇ ಅಂಗಿ. ಇಷ್ಟು ಕಟ್ಟಿಕೊಂಡು ಹೋಗಿ. ಮಾರುವವನಿಗೆ ಮೊದಲೇ ಫೋನಿನಲ್ಲಿ ಹೇಳಿಬಿಡಿ: "ಅಣ್ಣಾರ, ನಾವು ಬರೋ ತನಕ ಇಂಜಿನ್ ಚಾಲೂ ಮಾಡಬ್ಯಾಡ್ರಿ." ತಣ್ಣಗಿರುವ ಇಂಜಿನ್ ಎಷ್ಟು ಸುಲಭವಾಗಿ ಏಳುತ್ತದೆ ಎನ್ನುವುದನ್ನು ನಾವೇ ನೋಡಬೇಕು.

ಮೊದಲು ಬೋಟಿನ ಹಿಂದೆ ನೆಲದ ಮೇಲೆ ಕೂತು ಪಂಪಿನೊಳಗೆ ಟಾರ್ಚ್ ಬಿಡಿ. ಕೀ ತೆಗೆದು, ಎಳೆದರೆ ಇಂಜಿನ್ ನಿಲ್ಲಿಸುವ ಸುರಕ್ಷತಾ ದಾರ ಕಳಚಿ, ಬ್ಯಾಟರಿ ಸಂಪರ್ಕ ಬಿಡಿಸಿದ ಮೇಲೆಯೇ ಒಳಗೆ ಕೈ ಹಾಕುವುದು. ಹಿಂದಿನಿಂದ ಕಾಣುವುದು ಸ್ಥಿರವಾಗಿ ನಿಂತ ರೆಕ್ಕೆಗಳು. ಇಂಪೆಲ್ಲರ್ ಅದರಾಚೆ. ಅದನ್ನು ಚೆನ್ನಾಗಿ ನೋಡಬೇಕೆಂದರೆ ಬೋಟಿನ ಕೆಳಗೆ ಮಲಗಿ ಜಾಲರಿಯ ಸಂದಿಯಿಂದ ನೋಡಬೇಕು. ಬ್ಲೇಡಿನ ಮುಂದಿನ ಅಂಚು ಚಾಕುವಿನಂತೆ ನೇರವಾಗಿರಬೇಕು. ಅಲ್ಲಲ್ಲಿ ಕಚ್ಚು ಬಿದ್ದು, ಅಂಚು ಮಡಚಿ, ಬೆರಳಿಗೆ ಗರಗಸದ ಹಲ್ಲಿನಂತೆ ತಾಗಿದರೆ ಅದು ಕಲ್ಲು ತಿಂದ ಪಂಪ್. ಅಂಚು ನೆಟ್ಟಗಿದ್ದೂ ಬ್ಲೇಡಿನ ಮೈ ತುಂಬ ಸಣ್ಣ ಸಣ್ಣ ಗುಳಿ ಬಿದ್ದಿದ್ದರೆ ಅದು ಬೇರೆ ಕಥೆ: ಪಂಪ್ ಬಹಳ ದಿನ ಕ್ಯಾವಿಟೇಶನ್ನಿನಲ್ಲಿ, ಅಂದರೆ ನೀರಾವಿಯ ಗುಳ್ಳೆಗಳು ಬ್ಲೇಡಿನ ಮೇಲೆ ಒಡೆಯುತ್ತ, ಓಡಿದೆ.

ಇಂಪೆಲ್ಲರ್ ಸುತ್ತ ಒಂದು ಉಂಗುರ ಇರುತ್ತದೆ, ವೇರ್ ರಿಂಗ್. ಸೀ-ಡೂನಲ್ಲಿ ಪ್ಲಾಸ್ಟಿಕ್ಕಿನದು, ಬಿಚ್ಚಿ ಹೊಸದು ಹಾಕಬಹುದು. ಯಮಾಹಾದಲ್ಲಿ ಪಂಪಿನ ಮನೆಯೊಳಗೇ ಸ್ಟೀಲ್ ಲೈನರ್. ಬ್ಲೇಡಿನ ತುದಿಗೂ ಈ ಉಂಗುರಕ್ಕೂ ನಡುವೆ ಫೀಲರ್ ಗೇಜ್ ತೂರಿಸಿ. ಹೊಸ ಪಂಪಿನಲ್ಲಿ ಅರ್ಧ ಮಿಲಿಮೀಟರಿಗಿಂತ ಕಡಿಮೆ ಅಂತರ. ಒಂದು ಮಿಲಿಮೀಟರ್ ಪಟ್ಟಿ ಸಲೀಸಾಗಿ ಹೋಯಿತೆಂದರೆ ಆ ಉಂಗುರದ ಆಯುಷ್ಯ ಮುಗಿದಿದೆ. ಒಂದೇ ಕಡೆ ನೋಡಿ ಬಿಡಬೇಡಿ. ಇಂಪೆಲ್ಲರ್ ಕೈಯಿಂದ ತಿರುಗಿಸುತ್ತ ನಾಲ್ಕೂ ದಿಕ್ಕಿನಲ್ಲಿ ನೋಡಿ. ಒಂದು ಕಡೆ ಬಿಗಿ, ಎದುರು ಕಡೆ ಸಡಿಲ ಎಂದಾದರೆ ಬೇರಿಂಗ್ ಹೋಗಿದೆ ಅಥವಾ ಶಾಫ್ಟ್ ಬಾಗಿದೆ. ಇದು ರಿಂಗ್ ಬದಲಿಸಿದರೆ ಮುಗಿಯುವ ಕೆಲಸವಲ್ಲ. ತಿರುಗಿಸುವಾಗ ಕಿವಿ ಹತ್ತಿರ ಇಡಿ. ಕರಕರ ಸದ್ದು ಬರಬಾರದು.

ಇದೆಲ್ಲ ಯಾಕಿಷ್ಟು ಎಳೆಯುತ್ತಿದ್ದೇನೆಂದರೆ, ಅರ್ಧ ಮಿಲಿಮೀಟರ್ ಹೆಚ್ಚಿನ ಸಂದಿಯಲ್ಲೇ ಬೋಟಿನ ಸ್ಪೀಡೂ ಪೆಟ್ರೋಲೂ ಸೋರಿಹೋಗುತ್ತವೆ. ಇಂಜಿನ್ ಆರ್‌ಪಿಎಂ ಏರುತ್ತದೆ, ಬೋಟ್ ಮಾತ್ರ ಏಳುವುದಿಲ್ಲ. ಕೊಂಡವರು ಇಂಜಿನ್ ವೀಕ್ ಆಗಿದೆ ಎಂದುಕೊಂಡು ಪ್ಲಗ್ಗು, ಇಂಜೆಕ್ಟರು ಬದಲಿಸುತ್ತ ಕೂರುತ್ತಾರೆ.

ಜಾಲರಿಯ ಕಂಬಿ ಬಾಗಿದೆಯಾ, ಶಾಫ್ಟಿಗೆ ನೈಲಾನ್ ಹುರಿ ಸುತ್ತಿಕೊಂಡಿದೆಯಾ ನೋಡಿ. ನಮ್ಮ ಹಿನ್ನೀರಿನಲ್ಲಿ ಇದು ದಿನದ ಪಾಡು. ಮೀನುಗಾರರ ಬಲೆ ನೀರಿನ ಮೇಲೆ ಕಾಣುವುದಿಲ್ಲ, ಥರ್ಮೊಕೋಲ್ ತುಂಡೊಂದೇ ಗುರುತು. ಹಿನ್ನೀರಿನ ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು ಜೆಟ್ ಬೋಟಿನ ಮಾತೆತ್ತಿದ್ದಕ್ಕೆ ಹೇಳಿದ್ದು ಇಷ್ಟೇ: "ನಿಮ್ದು ಎಷ್ಟರ ಬೋಟ್ ಇರ್ಲಿ ತಮ್ಮಾ, ನಮ್ಮ ಬಲಿ ಹರಿದ್ರ ರೊಕ್ಕ ಕೊಟ್ಟ ಹೋಗಬೇಕು." ನ್ಯಾಯವಾದ ಮಾತು. ಪಂಪಿನ ಮೇಲ್ಭಾಗಕ್ಕೆ ಒಳಗಿನಿಂದಲೇ ಕೈ ಹಾಕಿ ಕಸ ತೆಗೆಯುವ ಮುಚ್ಚಳ, ಅಂದರೆ ಕ್ಲೀನ್‌ಔಟ್ ಪೋರ್ಟ್, ಯಮಾಹಾದ ಬಹುತೇಕ ಬೋಟುಗಳಲ್ಲಿದೆ. ಅದಿಲ್ಲದ ಬೋಟಿನಲ್ಲಿ ಬಲೆ ಸಿಕ್ಕರೆ ನೀರಿಗೆ ಇಳಿದು ಬೋಟಿನ ಕೆಳಗೆ ಮುಳುಗಬೇಕು. ಈ ಮುಚ್ಚಳಕ್ಕೆ ನಾನು ಮ್ಯೂಸಿಕ್ ಸಿಸ್ಟಂ, ವೇಕ್‌ಬೋರ್ಡ್ ಟವರ್ ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ.

ಇನ್ನು ಬೋಟಿನ ಮೈಗೆ ಬನ್ನಿ. ಫೈಬರ್ ಮೈಯನ್ನು ಪ್ಲಾಸ್ಟಿಕ್ ಸುತ್ತಿಗೆಯಿಂದ ಗೇಣಿಗೊಂದರಂತೆ ತಟ್ಟುತ್ತ ಹೋಗಿ. ಗಟ್ಟಿ ಸದ್ದು ಬರುತ್ತಿದ್ದದ್ದು ಒಂದು ಕಡೆ ಮಂಕಾದರೆ ಅಲ್ಲಿ ಪದರ ಬಿಟ್ಟಿದೆ ಅಥವಾ ನೀರು ಕುಡಿದಿದೆ. ಜೆಲ್‌ಕೋಟಿನ, ಅಂದರೆ ಫೈಬರಿನ ಹೊರಗಿನ ಹೊಳಪು ಪದರದ, ಮೇಲಿನ ಕೂದಲೆಳೆ ಬಿರುಕು ಎಲ್ಲ ಹಳೇ ಬೋಟಿನಲ್ಲೂ ಇರುತ್ತದೆ, ಅದಕ್ಕೆ ಹೆದರಬೇಡಿ. ಬಿರುಕು ನಕ್ಷತ್ರದಂತೆ ಒಂದು ಚುಕ್ಕೆಯಿಂದ ಸುತ್ತ ಹರಡಿದ್ದರೆ ಅಲ್ಲಿ ಏಟು ಬಿದ್ದಿದೆ. ಒಳಗಡೆ ಅದೇ ಜಾಗ ಹುಡುಕಿ, ಹೊಸ ಬಣ್ಣದ ತೇಪೆ ಸಿಕ್ಕೀತು.

ಡೆಕ್ಕಿನ ಕೆಳಗಿನ ಫೋಮ್ ನೀರು ಹೀರಿದೆಯೋ ಇಲ್ಲವೋ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಅದಕ್ಕೆ ನಮ್ಮ ಕಡೆಯ ಸಲೀಸು ಉಪಾಯ ವೇಬ್ರಿಡ್ಜ್. ಅದಿರು ಲಾರಿ ತೂಗಿಸುತ್ತ ಬೆಳೆದ ಬಳ್ಳಾರಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬೋಟ್ ಸಮೇತ ಟ್ರೈಲರ್ ಒಮ್ಮೆ, ಬರಿ ಟ್ರೈಲರ್ ಒಮ್ಮೆ. ಟ್ಯಾಂಕಿನ ಪೆಟ್ರೋಲು, ಸಾಮಾನಿನ ತೂಕ ಕಳೆದು ಕಂಪನಿ ಹೇಳಿದ ಒಣ ತೂಕಕ್ಕೆ ಹೋಲಿಸಿ. ನೂರೈವತ್ತು, ಇನ್ನೂರು ಕಿಲೋ ಹೆಚ್ಚು ಬಂತೆಂದರೆ ಆ ಫೋಮ್ ಕೆರೆಯಾಗಿದೆ. ಮೂವತ್ತು ನಲವತ್ತು ಕಿಲೋ ವ್ಯತ್ಯಾಸಕ್ಕೆ ಜಗಳ ಬೇಡ.

ಹಿಂಬದಿ ಬಲಗಡೆ ಮೇಲೆ ಹನ್ನೆರಡು ಅಕ್ಷರ-ಅಂಕಿಗಳ ಹಲ್ ನಂಬರ್ ಇರುತ್ತದೆ. ಅಮೆರಿಕದ ಲೆಕ್ಕದಲ್ಲಿ ಮಾಡಿದ ಬೋಟಿನಲ್ಲಿ ಕೊನೆಯ ಎರಡು ಅಂಕಿ ಮಾಡೆಲ್ ವರ್ಷ. ಮಾರುವವನು 2016 ಎನ್ನುತ್ತಿದ್ದು ನಂಬರ್ 11ರಲ್ಲಿ ಮುಗಿದರೆ ಬೇರೆ ಮಾತು ಬೇಡ. ಕೆರೆದು ಅಳಿಸಿದ್ದರೆ ಅಲ್ಲಿಂದಲೇ ವಾಪಸ್.

ಇಂಜಿನ್

ಇಂಜಿನ್ ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಅವರ್ ಮೀಟರ್ ನೋಡಿ, ಆದರೆ ಅದನ್ನೇ ನಂಬಬೇಡಿ. ಮುನ್ನೂರು ಗಂಟೆ ಓಡಿ ಪ್ರತಿ ಸೀಸನ್ನಿಗೆ ಸರ್ವಿಸ್ ಆದ ಬೋಟ್, ಅರವತ್ತು ಗಂಟೆ ಓಡಿ ಮೂರು ವರ್ಷ ಪೆಟ್ರೋಲ್ ತುಂಬಿಕೊಂಡೇ ಶೆಡ್ಡಿನಲ್ಲಿ ಮಲಗಿದ್ದಕ್ಕಿಂತ ಒಳ್ಳೆಯದು. ಡ್ಯಾಶ್‌ಬೋರ್ಡ್ ಬದಲಿಸಬಹುದು; ಇಂಜಿನ್ನಿನ ಕಂಪ್ಯೂಟರಿನೊಳಗೆ ಗಂಟೆಯ ಲೆಕ್ಕವೂ ಹಳೆಯ ದೋಷಗಳ ದಾಖಲೆಯೂ ಉಳಿದಿರುತ್ತದೆ. ಯಮಾಹಾಕ್ಕೆ ವೈಡಿಎಸ್, ಬಿಆರ್‌ಪಿಗೆ ಬಡ್ಸ್ ಎಂಬ ಸಾಫ್ಟ್‌ವೇರ್ ಇದೆ. ಮಾರುವವನೇ ಅದನ್ನು ಹಾಕಿಸಿ ಪ್ರಿಂಟ್ ಕೊಡಲಿ, ಖರ್ಚು ಬೇಕಾದರೆ ನೀವೇ ಕೊಡಿ.

ಎಣ್ಣೆಯ ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿ. ಕಪ್ಪಿದ್ದರೆ ತೊಂದರೆಯಿಲ್ಲ, ಬೆಳ್ಳಗೆ ನೊರೆಯಾಗಿದ್ದರೆ ಇಂಜಿನ್ ನೀರು ಕುಡಿದಿದೆ. ಆಮೇಲೆ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಳೆಸಿ. ಅಂಕಿ ಎಷ್ಟು ಬಂತೆಂಬುದು ಗೇಜಿನಿಂದ ಗೇಜಿಗೆ ಬದಲಾಗುತ್ತದೆ; ಮುಖ್ಯವಾದದ್ದು ಸಿಲಿಂಡರುಗಳ ನಡುವಿನ ವ್ಯತ್ಯಾಸ. ಶೇಕಡಾ ಹತ್ತು ದಾಟಬಾರದು. ಹೊಸಪೇಟೆ, ಬಳ್ಳಾರಿಯ ಯಾವುದೇ ಒಳ್ಳೆಯ ಬೈಕ್ ಮೆಕ್ಯಾನಿಕ್ಕಿಗೆ ಈ ಕೆಲಸ ಬರುತ್ತದೆ, ಜೊತೆಗೇ ಕರೆದುಕೊಂಡು ಹೋಗಿ. ಗೋವಾ ಎಂದರೆ ಯಾರೂ ಒಲ್ಲೆ ಅನ್ನುವುದಿಲ್ಲ.

ಸಮುದ್ರದಲ್ಲಿ ಓಡಿದ ಬೋಟಿಗೆ ಉಪ್ಪಿನ ಪರೀಕ್ಷೆ ಬೇರೆ. ಯಮಾಹಾ ಇಂಜಿನ್ ಹೊರಗಿನ ನೀರನ್ನೇ ಒಳಗೆ ಹರಿಸಿ ತಣ್ಣಗಾಗುತ್ತದೆ, ಆದ್ದರಿಂದ ಉಪ್ಪು ಇಂಜಿನ್ನಿನ ನರನಾಡಿಗೆಲ್ಲ ಹೋಗಿರುತ್ತದೆ. ರೋಟ್ಯಾಕ್ಸ್ ಫೋರ್-ಸ್ಟ್ರೋಕಿನಲ್ಲಿ ಕೂಲಂಟ್ ಒಳಗೇ ಸುತ್ತುತ್ತದೆ; ಆದರೆ ಎಕ್ಸಾಸ್ಟಿಗೆ ಅಲ್ಲೂ ಹೊರಗಿನ ನೀರೇ. ಇಂಜಿನ್ನಿನ ಕೆಳಗಿನ ಬೋಲ್ಟುಗಳ ಸುತ್ತ ಬಿಳಿ ಪುಡಿ, ವೈರಿನ ಕನೆಕ್ಟರಿನಲ್ಲಿ ಹಸಿರು ಕಿಲುಬು, ಕೈಗೆ ಬಿಗಿಯಾಗುವ ಸ್ಟೇರಿಂಗ್ ಕೇಬಲ್, ರಿವರ್ಸ್ ಕೇಬಲ್. ಇವು ಒಟ್ಟಿಗೆ ಕಂಡರೆ ಓಡಿಸಿ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯದ ಬೋಟ್ ಅದು. "ಡೈಲಿ ವಾಶ್ ಮಾಡ್ತೀವಿ ಸಾರ್" ಅನ್ನುವವರು ಮೇಲ್ಮೈ ತೊಳೆದದ್ದನ್ನು ಹೇಳುತ್ತಿರುತ್ತಾರೆ. ಇಂಜಿನ್ ಒಳಗೆ ನೀರು ಬಿಡುವ ಫ್ಲಶ್ ಪೈಪ್ ಎಲ್ಲಿದೆ ತೋರಿಸಿ ಎಂದು ಕೇಳಿ. ತಡಕಾಡಿದರೆ ಗೊತ್ತಾಗುತ್ತದೆ.

ನೀರಿಗಿಳಿಸಿ ನೋಡದೆ ದುಡ್ಡು ಕೊಡಬೇಡಿ

ಗೋವಾದಲ್ಲಿ ಜೂನಿಂದ ಮಳೆಗಾಲಕ್ಕೆ ವಾಟರ್ ಸ್ಪೋರ್ಟ್ಸ್ ಬಂದ್. ಸೀಸನ್ ಮುಗಿಯುವ ಮೇ ತಿಂಗಳಲ್ಲಿ ಮಾರುವವರ ಕೈ ಸಡಿಲ; ನಾಲ್ಕು ತಿಂಗಳು ಸುಮ್ಮನೆ ಇಟ್ಟುಕೊಳ್ಳುವುದಕ್ಕಿಂತ ಕೊಟ್ಟುಬಿಡೋಣ ಎನ್ನುವ ಮನಸ್ಸಿರುತ್ತದೆ. ಅಕ್ಟೋಬರಿನಲ್ಲಿ ಹೋದರೆ ಅದೇ ಬೋಟಿನ ಮಾತೇ ಬೇರೆ. ಮೇನಲ್ಲಿ ನಮ್ಮ ಡ್ಯಾಮಿನಲ್ಲಿ ನೀರಿರುವುದಿಲ್ಲ, ಹಾಗಾಗಿ ತಂದ ಮೇಲೆ ಇಲ್ಲಿ ನೋಡಿಕೊಂಡರಾಯಿತು ಎಂಬ ಮಾತಿಗೆ ಅರ್ಥವಿಲ್ಲ. ಮಳೆ ಹಿಡಿಯುವ ಮೊದಲು ಅಲ್ಲೇ ಓಡಿಸಿ ನೋಡಬೇಕು.

ಚಾಲೂ ಮಾಡುವ ಮೊದಲು ಇಂಜಿನ್ ಕೋಣೆಯ ಬ್ಲೋಯರ್ ನಾಲ್ಕು ನಿಮಿಷ ಓಡಲಿ. ಪೆಟ್ರೋಲ್ ಆವಿ ಹೊರಗೆ ಹೋಗಬೇಕು. ಬ್ಲೋಯರ್ ಕೆಟ್ಟಿದ್ದರೆ ಟ್ರಯಲ್ ಅಲ್ಲಿಗೇ ನಿಲ್ಲಿಸಿ. ನೀರಿನಲ್ಲಿ ನಿಧಾನವಾಗಿ ಹತ್ತು ನಿಮಿಷ ಸುತ್ತಿ, ಟೆಂಪರೇಚರ್ ನಿಂತ ಮೇಲೆ ಥ್ರಾಟಲ್ ಕೊಡಿ. ಮೂಗು ಮೇಲೆದ್ದು, ಬೋಟ್ ನೀರಿನ ಮೇಲೆ ಸಮವಾಗಿ ಕೂರುವ ತನಕ ಎಷ್ಟು ಹೊತ್ತಾಯಿತು ನೋಡಿ. ಆರ್‌ಪಿಎಂ ಚಕ್ಕನೆ ಏರಿ ಬೋಟ್ ಎಳೆಯದಿದ್ದರೆ, ನೀವು ದಡದಲ್ಲಿ ಅಳೆದ ಸಂದಿಯೇ ಅಲ್ಲಿ ಮಾತಾಡುತ್ತಿದೆ. ಅಳತೆ ಸರಿ ಇದ್ದೂ ಹೀಗಾದರೆ ಪಂಪಿಗೂ ಬಾಡಿಗೂ ನಡುವಿನ ಸೀಲಿನಿಂದ ಗಾಳಿ ನುಗ್ಗುತ್ತಿರಬಹುದು. ಇಬ್ಬರೇ ಕೂತು ಓಡಿಸಿ ಖುಷಿಪಡಬೇಡಿ. ನಿಮ್ಮ ಮನೆಯವರು, ಬೀಗರು ಎಲ್ಲ ಹತ್ತುವಷ್ಟು ಭಾರ ಹೇರಿ ಇನ್ನೊಮ್ಮೆ ನೋಡಿ. ಮಾರುವವನ ಹುಡುಗರನ್ನೇ ಕೂರಿಸಿಕೊಂಡರೂ ನಡೆಯುತ್ತದೆ.

ಬಲಕ್ಕೂ ಎಡಕ್ಕೂ ಪೂರ್ತಿ ತಿರುಗಿಸಿ. ರಿವರ್ಸ್ ಹಾಕಿ. ಸುರಕ್ಷತಾ ದಾರ ಎಳೆದು ಇಂಜಿನ್ ಆ ಕ್ಷಣಕ್ಕೇ ನಿಲ್ಲುತ್ತದೆಯೇ ನೋಡಿ. ವಾಪಸ್ ಬಂದು ಇಂಜಿನ್ ಮುಚ್ಚಳ ಎತ್ತಿದಾಗ ಕೆಳಗೆ ನೀರು ಕೂತಿದೆಯಾ, ಪೆಟ್ರೋಲ್ ವಾಸನೆ ಇದೆಯಾ ಗಮನಿಸಿ. ಎಷ್ಟು ಲೀಟರ್ ಕುಡಿಯಿತೆಂದು ಟ್ಯಾಂಕ್ ತುಂಬಿಸಿ ಲೆಕ್ಕ ಹಿಡಿಯಿರಿ. 1.8 ಲೀಟರಿನ ಇಂಜಿನ್ ಪೂರ್ತಿ ಥ್ರಾಟಲಿನಲ್ಲಿ ಗಂಟೆಗೆ ಐವತ್ತು ಲೀಟರ್ ದಾಟುತ್ತದೆ. ನಮ್ಮ ಬಂಕಿನ ರೇಟಿಗೆ ಗಂಟೆಗೆ ಐದು ಸಾವಿರದ ಮೇಲೆ. ಇಲ್ಲಿ ಎಷ್ಟೋ ಜನರ ಉತ್ಸಾಹ ಇಳಿದುಹೋಗುತ್ತದೆ, ಇಳಿಯುವುದಿದ್ದರೆ ಇಲ್ಲೇ ಇಳಿಯಲಿ.

ಕಾಗದ

ಒಳನಾಡು ಹಡಗುಗಳ ಕಾಯ್ದೆ, 2021 ಬಂದ ಮೇಲೆ 1917ರ ಹಳೆಯ ಕಾಯ್ದೆ ಹೋಗಿದೆ. ಇಂಜಿನ್ ಇರುವ ಒಳನಾಡು ಬೋಟಿಗೆ ನೋಂದಣಿ, ಸರ್ವೆ ಪ್ರಮಾಣಪತ್ರ, ವಿಮೆ ಎಂಬ ಮೂರು ಈ ಕಾಯ್ದೆಯ ಬೆನ್ನೆಲುಬು. ಹೊಸ ಕಾಯ್ದೆಯಡಿಯ ನೋಂದಣಿ ದೇಶದಾದ್ಯಂತ ನಡೆಯುತ್ತದೆ. ಗೋವಾದ ಬೋಟ್ ಆದರೆ ಅಲ್ಲಿನ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆಯಲ್ಲಿ ಯಾರ ಹೆಸರಿದೆ, ಬ್ಯಾಂಕಿನ ಸಾಲ ಬಾಕಿ ಇದೆಯೇ ನೋಡಿ. ನಮ್ಮಲ್ಲಿ ಈ ವ್ಯವಹಾರ ಕಾರವಾರದಲ್ಲಿ ಕೇಂದ್ರ ಕಚೇರಿ ಇರುವ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯದು. ಕೊಳ್ಳುವ ಮೊದಲೇ ಒಮ್ಮೆ ಹೋಗಿ, ಹೆಸರು ವರ್ಗಾವಣೆಗೆ ಏನೇನು ಬೇಕೆಂದು ಪಟ್ಟಿ ಮಾಡಿಕೊಂಡು ಬನ್ನಿ.

ವಿದೇಶದಿಂದ ಬಂದ ಬೋಟಿಗೆ ಕಸ್ಟಮ್ಸಿನ ಬಿಲ್ ಆಫ್ ಎಂಟ್ರಿ, ಅಂದರೆ ಆಮದಿನ ಕಾಗದ, ಇರಲೇಬೇಕು, ಅದರಲ್ಲಿರುವ ಹಲ್ ನಂಬರ್, ಇಂಜಿನ್ ನಂಬರ್ ಬೋಟಿನ ಮೇಲಿನದಕ್ಕೆ ತಾಳೆಯಾಗಬೇಕು. "ಪೇಪರ್ ಎಲ್ಲಾ ಕ್ಲಿಯರ್ ಐತಿ, ಆಮೇಲೆ ಕಳಿಸ್ತೀವಿ" ಎನ್ನುವ ಬೋಟ್ ಅರ್ಧ ಬೆಲೆಗೆ ಸಿಕ್ಕರೂ ತುಟ್ಟಿಯೇ. ಟ್ರೈಲರಿಗೂ ಬೇರೆಯದೇ ಆರ್‌ಸಿ ಬೇಕು. ಇಲ್ಲದಿದ್ದರೆ ಅದನ್ನು ದಂಡೆಯ ಮೇಲೆ ಎಳೆದಾಡುವ ಗಾಡಿ ಎಂದಷ್ಟೇ ಲೆಕ್ಕ ಹಿಡಿಯಿರಿ, ರಸ್ತೆಗೆ ಲಾರಿ ಮಾಡಿ.

ಬೆಲೆ ಕಟ್ಟುವುದು

ಹಳೇ ಜೆಟ್ ಬೋಟಿಗೆ ಕಾರಿನಂತೆ ಮಾರ್ಕೆಟ್ ರೇಟ್ ಎಂಬುದು ನಮ್ಮ ದೇಶದಲ್ಲಿ ಇಲ್ಲ. ಸಿಗುವುದೇ ಕೆಲವು, ಕೊಳ್ಳುವವರೂ ಕೆಲವರು. ಆದ್ದರಿಂದ ಅವನು ಹೇಳಿದ ಬೆಲೆಯಿಂದ ರಿಪೇರಿಯ ಕೊಟೇಶನ್ ಕಳೆಯುತ್ತ ಬರುವುದೇ ದಾರಿ. ಉದಾಹರಣೆಗೆ ಒಂದು ಲೆಕ್ಕ, ಅಂಕಿಗಳು ದಾರಿ ತೋರಿಸಲು ಮಾತ್ರ. ಕೇಳುವ ಬೆಲೆ 14 ಲಕ್ಷ. ಪಂಪಿನ ರಿಂಗ್, ಬೇರಿಂಗ್, ಇಂಪೆಲ್ಲರ್ ದುರಸ್ತಿ 85 ಸಾವಿರ. ಕೇಬಲ್‌ಗಳು 30 ಸಾವಿರ. ಇಂಧನದ ಪೈಪು, ಫಿಲ್ಟರ್ 25 ಸಾವಿರ. ಬ್ಯಾಟರಿ 18 ಸಾವಿರ. ಟ್ರೈಲರಿನ ಟೈರು, ಬೇರಿಂಗ್ 22 ಸಾವಿರ. ಒಟ್ಟು 1 ಲಕ್ಷ 80 ಸಾವಿರ. ಉಳಿದದ್ದು 12 ಲಕ್ಷ 20 ಸಾವಿರ. ಇಲ್ಲಿಂದ ಕಾಣದ ಕೆಲಸಕ್ಕೆ ಒಂದಿಷ್ಟು ಇಳಿಸಿ 11ಕ್ಕೆ ಮಾತು ಶುರು ಮಾಡಿ, 12 ದಾಟಬೇಡಿ. ಫೀಲರ್ ಗೇಜಿನ ಫೋಟೊ, ವೇಬ್ರಿಡ್ಜ್ ಚೀಟಿ, ಕಂಪ್ರೆಶನ್ ಅಂಕಿ ಮುಂದಿಟ್ಟು ಕೂತರೆ ಚೌಕಾಶಿಗೆ ಬಾಯಿ ಜೋರು ಬೇಕಾಗುವುದಿಲ್ಲ. ಲಾರಿ ಬಾಡಿಗೆ, ವರ್ಗಾವಣೆ, ವಿಮೆ, ಲೈಫ್ ಜಾಕೆಟ್ ನಿಮ್ಮ ಖರ್ಚು. ಅದನ್ನು ಅವನ ಬೆಲೆಯಲ್ಲಿ ಕಳೆಯಲು ಹೋಗಬೇಡಿ, ನಿಮ್ಮ ಬಜೆಟ್ಟಿನಲ್ಲಿ ಕೂಡಿಸಿಕೊಳ್ಳಿ.

ಯಾವ ಸೌಲಭ್ಯಕ್ಕೆ ಹೆಚ್ಚು ಕೊಡಬಹುದು? ಆಳ ತೋರಿಸುವ ಸೌಂಡರಿಗೆ ಕೊಡಿ, ಹೂಳು ತುಂಬಿದ ನಮ್ಮ ನೀರಿನಲ್ಲಿ ಅದೇ ಕಣ್ಣು. ನೆರಳಿನ ಛಾವಣಿಗೆ ಕೊಡಿ, ರಾಯಚೂರಿನ ಬಿಸಿಲು ಉಂಡವರಿಗೆ ಕಾರಣ ಬೇಡ. ಕ್ಲೀನ್‌ಔಟ್ ಪೋರ್ಟಿನ ಮಾತು ಆಗಲೇ ಆಯಿತು. ಎರಡನೇ ಇಂಜಿನ್ನಿಗೆ ಹೆಚ್ಚು ಕೊಡಬೇಡಿ. ಒಂದು ಕೆಟ್ಟರೆ ಇನ್ನೊಂದು ದಡ ಸೇರಿಸುತ್ತದೆ ಎಂಬ ಮಾತು ಸುಳ್ಳಲ್ಲ, ಆದರೆ ಖರ್ಚು ಪ್ರತಿ ತಿಂಗಳೂ ಎರಡು. ಟವರ್, ಬಣ್ಣದ ಲೈಟು, ದೊಡ್ಡ ಸ್ಪೀಕರ್ ಇವಕ್ಕೆ ಒಂದು ರೂಪಾಯಿಯೂ ಬೇಡ.

ತಂದ ಮೇಲೆ

ಬೆಳಗಾವಿ, ಹುಬ್ಬಳ್ಳಿ, ಗದಗ, ಕೊಪ್ಪಳದ ಮೇಲೆ ಲಾರಿ ಬರುತ್ತದೆ. ಕೆಳಗೆ ಬೋಟಿನ ಆಕಾರಕ್ಕೆ ಮರದ ತೊಟ್ಟಿಲು ಮಾಡಿಸದೆ ಹೇರಬೇಡಿ. ಹಿನ್ನೀರಿನ ದಂಡೆ ಎರೆಮಣ್ಣು. ಕಾರು ಇಳಿದರೆ ಹೂತುಕೊಳ್ಳುತ್ತದೆ, ಟ್ರ್ಯಾಕ್ಟರ್ ಗೊತ್ತು ಮಾಡಿಕೊಳ್ಳಿ, ಗಟ್ಟಿ ನೆಲದ ಜಾಗವನ್ನು ಬೇಸಿಗೆಯಲ್ಲೇ ಗುರುತು ಹಾಕಿಡಿ.

ಬೋಟಿನ ಲೋಹಕ್ಕೆ ಬದಲು ತಾನೇ ಸವೆಯಲೆಂದು ಸಮುದ್ರದ ಬೋಟಿಗೆ ಹಾಕಿರುವ ಜಿಂಕ್ ತುಂಡು, ಅಂದರೆ ಅನೋಡ್, ಸಿಹಿನೀರಿನಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಮೆಗ್ನೀಸಿಯಂ ಅಥವಾ ಅಲ್ಯೂಮಿನಿಯಂದು ಹಾಕಿಸಿ. ಪೆಟ್ರೋಲಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನಮ್ಮ ಬಂಕುಗಳಲ್ಲಿ ಈಗ ಸಿಗುವುದು ಶೇಕಡಾ 20 ಎಥೆನಾಲ್ ಬೆರೆತದ್ದು, ಈ ಇಂಜಿನ್ನುಗಳ ಕೈಪಿಡಿ ಒಪ್ಪುವುದು ಶೇಕಡಾ 10ರವರೆಗೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ನೀರು ಕೆಳಗೆ ಕೂರುತ್ತದೆ, ಹಳೇ ರಬ್ಬರ್ ಪೈಪ್ ಮೆತ್ತಗಾಗುತ್ತದೆ. ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿ, ಎಥೆನಾಲ್ ತಾಳುವ ಪೈಪ್ ಹಾಕಿಸಿ, ಅಂದಂದಿಗೆ ಬೇಕಾದಷ್ಟೇ ತುಂಬಿಸಿ. ಸೀಸನ್ ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ.

ಓಡಿಸಿ ಬಂದಾಗಲೆಲ್ಲ ಫ್ಲಶ್ ಮಾಡುವುದಕ್ಕೊಂದು ಕ್ರಮ ಇದೆ, ಕೆಲಸದ ಹುಡುಗರಿಗೆ ಅದನ್ನು ಬರೆದು ಇಂಜಿನ್ ಮುಚ್ಚಳದ ಒಳಗೆ ಅಂಟಿಸಿ. ಪೈಪ್ ಜೋಡಿಸಿ, ಮೊದಲು ಇಂಜಿನ್ ಚಾಲೂ, ಆಮೇಲೆ ನಲ್ಲಿ. ನಿಲ್ಲಿಸುವಾಗ ಮೊದಲು ನಲ್ಲಿ ಬಂದ್, ಆಮೇಲೆ ಇಂಜಿನ್. ಉಲ್ಟಾ ಆದರೆ ನಿಂತ ಇಂಜಿನ್ನಿಗೆ ಎಕ್ಸಾಸ್ಟಿನಿಂದ ನೀರು ನುಗ್ಗುತ್ತದೆ. ನಲ್ಲಿ ಬಂದ್ ಆದ ಮೇಲೆ ಕೆಲವು ಸೆಕೆಂಡ್, ಒಳಗಿನ ನೀರು ಹೊರಹೋಗುವಷ್ಟು ಹೊತ್ತು ಓಡಿದರೆ ಸಾಕು. ನೀರಿಲ್ಲದೆ ಹೆಚ್ಚು ಹೊತ್ತು ಓಡಿದರೆ ಎಕ್ಸಾಸ್ಟಿನ ರಬ್ಬರ್ ಸುಡುತ್ತದೆ.